ಎಡ್ಲಿಂಗ್‌ಹ್ಯಾಮ್ ಪಾದ್ರಿ ಮನೆ ಕಳ್ಳತನ, 1879: ಪದೇ ಪದೇ ಕೇಳುವ ಪ್ರಶ್ನೆಗಳು

ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನ ಹಳ್ಳಿ, ನಡುರಾತ್ರಿ ಕಳ್ಳತನ, ಕಿಟಕಿ ಕೆಳಗೆ ಹೆಜ್ಜೆ ಗುರುತು, ಹರಿದ ಕಾಗದದ ಚೂರು, ಬಟ್ಟೆಯ ಒಂದು ಗುಂಡಿ. ಪತ್ತೇದಾರಿ ಕಥೆ ಓದಿದವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಕಥೆಯಲ್ಲಾದರೆ ಇಷ್ಟು ಸಿಕ್ಕರೆ ಸಾಕು, ಕಳ್ಳ ಸಿಕ್ಕಿದ ಹಾಗೆಯೇ. ಎಡ್ಲಿಂಗ್‌ಹ್ಯಾಮ್‌ನಲ್ಲಿ ಇವೆಲ್ಲವೂ ಸಿಕ್ಕವು. ಅದರ ಮೇಲೆ ಇಬ್ಬರನ್ನು ಜೀವಾವಧಿ ಜೈಲಿಗೂ ಹಾಕಿದರು. ಆದರೆ ಆ ಇಬ್ಬರು ಆ ಮನೆಗೆ ಹೋಗಿಯೇ ಇರಲಿಲ್ಲ. ಈ ಪ್ರಕರಣದ ಬಗ್ಗೆ ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಚುಟುಕಾಗಿ ಹೇಳಿ, ಏನಿದು ಪ್ರಕರಣ?

1879ರ ಫೆಬ್ರವರಿ 7ರ ರಾತ್ರಿ ಉತ್ತರ ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡ್ ಕೌಂಟಿಯ ಎಡ್ಲಿಂಗ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪಾದ್ರಿಯ ಮನೆಗೆ ಕಳ್ಳರು ನುಗ್ಗಿದರು. ಗುಂಡು ಹಾರಿತು, ವಯಸ್ಸಾದ ಪಾದ್ರಿಗೂ ಅವರ ಮಗಳಿಗೂ ಗಾಯವಾಯಿತು. ಹತ್ತಿರದ ಆನಿಕ್ ಪಟ್ಟಣದ ಮೈಕೆಲ್ ಬ್ರಾನಗನ್ ಮತ್ತು ಪೀಟರ್ ಮರ್ಫಿ ಎಂಬ ಇಬ್ಬರನ್ನು ಪೊಲೀಸರು ಹಿಡಿದರು. ಏಪ್ರಿಲ್‌ನಲ್ಲಿ ನ್ಯೂಕ್ಯಾಸಲ್ ಕೋರ್ಟು ಅವರಿಗೆ ಜೀವಾವಧಿ ಕಠಿಣ ಸಜೆ ಕೊಟ್ಟಿತು. 1888ರಲ್ಲಿ ಜಾರ್ಜ್ ಎಡ್ಜೆಲ್ ಮತ್ತು ಚಾರ್ಲ್ಸ್ ರಿಚರ್ಡ್‌ಸನ್ ಎಂಬ ಬೇರೆ ಇಬ್ಬರು, ಆ ಕೆಲಸ ಮಾಡಿದ್ದು ನಾವೇ ಅಂತ ಒಪ್ಪಿಕೊಂಡರು. ಅಷ್ಟರಲ್ಲಿ ಮೊದಲಿನ ಇಬ್ಬರು ಒಂಬತ್ತು ವರ್ಷಕ್ಕೂ ಜಾಸ್ತಿ ಕಾಲ ಜೈಲಿನಲ್ಲಿ ಕಳೆದಾಗಿತ್ತು.

ಈ ಊರು ಎಲ್ಲಿ ಬರುತ್ತದೆ?

ಸ್ಕಾಟ್ಲೆಂಡ್ ಗಡಿಗೆ ಹತ್ತಿರ. ಆನಿಕ್ ಪಟ್ಟಣದಿಂದ ನೈಋತ್ಯಕ್ಕೆ ಹೊರಟು, ಮರಗಿಡ ಕಮ್ಮಿ ಇರುವ ಬಯಲುಗುಡ್ಡ ದಾಟಿ ಇಳಿದರೆ ಎಡ್ಲಿಂಗ್‌ಹ್ಯಾಮ್. ನಡೆದೇ ಹೋಗುವಷ್ಟು ದೂರ. ಒಂದು ಹಳೇ ಚರ್ಚು, ಪಾಳುಬಿದ್ದ ಒಂದು ಕೋಟೆ, ಕೆಲವೇ ಮನೆಗಳು. ಆನಿಕ್‌ನಲ್ಲಿ ನಾರ್ಥಂಬರ್‌ಲ್ಯಾಂಡ್ ಡ್ಯೂಕ್‌ನ ದೊಡ್ಡ ಕೋಟೆ ಇದೆ. ಸುತ್ತಲಿನ ಜಮೀನು ಬಹುಪಾಲು ದೊಡ್ಡ ಒಡೆಯರದು. ಈಗ ಹಳ್ಳಿಯ ಫೋಟೋಗಳಲ್ಲಿ ಕಾಣುವ ಕಮಾನುಗಳ ರೈಲು ಸೇತುವೆ ಆಗ ಇರಲಿಲ್ಲ, ಆ ರೈಲು ದಾರಿ ಶುರುವಾದದ್ದು 1887ರಲ್ಲಿ. 1879ರ ಚಳಿಗಾಲದ ರಾತ್ರಿ ಅಲ್ಲಿ ಕೂಗಿದರೆ ಓಡಿ ಬರುವವರು ತೀರಾ ಕಡಿಮೆ ಜನ.

ಆ ರಾತ್ರಿ ಮನೆಯೊಳಗೆ ಏನಾಯಿತು?

ಪಾದ್ರಿ ಮ್ಯಾಥ್ಯೂ ಬಕಲ್ ಅವರಿಗೆ ಆಗ 77 ವರ್ಷ. ಮಗಳು ಜಾರ್ಜಿನಾ ಜೊತೆಗಿದ್ದರು. ಕೆಳಗಡೆ ಸದ್ದಾಗಿ ತಂದೆ ಮಗಳಿಬ್ಬರಿಗೂ ಎಚ್ಚರವಾಯಿತು. ಆ ವಯಸ್ಸಿನಲ್ಲಿ ಬೇರೆ ಯಾರಾದರೂ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದರೇನೋ, ಇವರು ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದು ಕೈಯಲ್ಲಿ ಕತ್ತಿ ಹಿಡಿದು ಹೊರಟರು. ಮಗಳೂ ಹಿಂದೆಯೇ ಬಂದರು. ಕಳ್ಳರ ಕೈಯಲ್ಲಿದ್ದ ಬಂದೂಕು ಸಿಡಿಯಿತು. ಇಬ್ಬರಿಗೂ ಏಟು ಬಿತ್ತು. ಕಳ್ಳರು ಕಿಟಕಿಯಿಂದ ಹಾರಿ ಕತ್ತಲಲ್ಲಿ ಮಾಯವಾದರು. ಪುಣ್ಯಕ್ಕೆ ತಂದೆ ಮಗಳು ಇಬ್ಬರೂ ಬದುಕಿದರು.

ಆ ಬೆಳಕನ್ನು ಸ್ವಲ್ಪ ಊಹಿಸಿಕೊಳ್ಳಿ. ಒಂದೇ ಒಂದು ಮೇಣದಬತ್ತಿ, ಅದೂ ತನ್ನ ಕೈಯಲ್ಲೇ, ಕಣ್ಣಿನ ಮುಂದೆಯೇ ಉರಿಯುತ್ತಿದೆ. ಅದರಾಚೆ ನಿಂತವನ ಮುಖ ಎಷ್ಟು ಕಾಣಬಹುದು? ಆಮೇಲೆ ಬಂದೂಕಿನ ಹೊಗೆ, ನೋವು, ಗಾಬರಿ. ಇಂಥ ಗಳಿಗೆಯಲ್ಲಿ ನೋಡಿದ ಮುಖದ ಮೇಲೆ ಯಾರನ್ನೂ ಗುರುತು ಹಿಡಿಯಲು ಆಗುವುದಿಲ್ಲ. ಹಾಗಾಗಿ ಇಡೀ ಪ್ರಕರಣ ವಸ್ತುಗಳ ಮೇಲೆ, ಅಂದರೆ ಆಮೇಲೆ ಸಿಕ್ಕ ತುಣುಕುಗಳ ಮೇಲೆ ನಿಂತಿತು.

ಪೊಲೀಸರು ನೇರವಾಗಿ ಬ್ರಾನಗನ್, ಮರ್ಫಿ ಹತ್ತಿರವೇ ಯಾಕೆ ಹೋದರು?

ಯಾಕೆಂದರೆ ಅವರಿಬ್ಬರೂ ಒಡೆಯರ ಜಮೀನಿನಲ್ಲಿ ಮೊಲ ಮುಂತಾದವನ್ನು ಕದ್ದು ಬೇಟೆಯಾಡುವವರು ಅಂತ ಊರಿಗೆಲ್ಲ ಗೊತ್ತಿತ್ತು. ಪೊಲೀಸರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಕಳ್ಳತನದ ಸುದ್ದಿ ಬಂದ ಕೂಡಲೇ, ಈ ರಾತ್ರಿ ಮನೆಯಲ್ಲಿ ಇಲ್ಲದ ಕದ್ದು ಬೇಟೆಯವರು ಯಾರು ಅಂತ ನೋಡುವುದೇ ಅವರಿಗೆ ಹೊಳೆದ ದಾರಿ. ಇವರಿಬ್ಬರೂ ಅವತ್ತು ರಾತ್ರಿ ನಿಜಕ್ಕೂ ಬೇಟೆಗೆ ಹೋಗಿದ್ದರು. ಬೆಳಿಗ್ಗೆ ವಾಪಸ್ ಬಂದಾಗ ಸಿಕ್ಕಿಬಿದ್ದರು.

ರಾತ್ರಿ ಎಲ್ಲಿದ್ದಿರಿ ಅಂತ ಕೇಳಿದರೆ ಏನು ಹೇಳುವುದು? ನಿಜ ಹೇಳಿದರೆ ಇನ್ನೊಂದು ಅಪರಾಧ ಒಪ್ಪಿಕೊಂಡ ಹಾಗೆ. ಸುಳ್ಳು ಹೇಳಿದರೆ ಅನುಮಾನ ಇನ್ನೂ ಜಾಸ್ತಿ. ಸಾಕ್ಷಿ ಹೇಳಲು ಜೊತೆಗೆ ಬೇರೆ ಯಾರೂ ಇಲ್ಲ, ಕದ್ದು ಬೇಟೆಗೆ ಹೋಗುವವರು ಯಾರಾದರೂ ನೋಡಲಿ ಅಂತ ಹೋಗುವುದಿಲ್ಲವಲ್ಲ!

ಮೊಲ ಹಿಡಿಯುವುದು ಅಷ್ಟು ದೊಡ್ಡ ಅಪರಾಧವಾ?

ಬಡವರ ಕಣ್ಣಿಗೆ ಅಲ್ಲವೇ ಅಲ್ಲ. ಕೂಲಿ ಸಾಲದ ಮನೆಯಲ್ಲಿ ಒಂದು ಮೊಲ ಅಂದರೆ ಒಂದು ಹೊತ್ತಿನ ಊಟ, ಅಥವಾ ಪೇಟೆಯಲ್ಲಿ ಮಾರಿದರೆ ನಾಲ್ಕು ಕಾಸು. ಕಾಡುಪ್ರಾಣಿಗೆ ಒಡೆಯ ಯಾರು ಅನ್ನುವುದು ಅವರ ವಾದ. ಆದರೆ ಕಾನೂನು ಮಾಡುವ ಜಾಗದಲ್ಲಿ ಕೂತವರು ಜಮೀನ್ದಾರರು. 1828ರ ರಾತ್ರಿ ಬೇಟೆ ಕಾಯಿದೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದರೇ ಮೂರು ತಿಂಗಳವರೆಗೆ ಕಠಿಣ ಸಜೆ ಕೊಡಬಹುದಿತ್ತು, ಮೂರನೇ ಸಲಕ್ಕೆ ಸಮುದ್ರದಾಚೆ ಗಡೀಪಾರು. 1862ರಲ್ಲಿ ಇನ್ನೊಂದು ಕಾಯಿದೆ ಬಂತು. ದಾರಿಯಲ್ಲಿ ಹೋಗುವವನ ಮೇಲೆ ಅನುಮಾನ ಬಂದರೆ ಪೊಲೀಸರೇ ನಿಲ್ಲಿಸಿ ಚೀಲ ತಡಕಬಹುದು ಅಂತ.

ಇದರ ಪರಿಣಾಮ ಏನಾಯಿತು ನೋಡಿ. ಹಳ್ಳಿ ಕಾಯಬೇಕಾದ ಪೊಲೀಸರು ಒಡೆಯರ ಮೊಲ, ಕವುಜುಗ ಕಾಯುವವರೂ ಆದರು. ಬಡವರಿಗೂ ಪೊಲೀಸರಿಗೂ ನಡುವೆ ಹಳೇ ದ್ವೇಷ ಬೆಳೆಯಿತು. ಎಡ್ಲಿಂಗ್‌ಹ್ಯಾಮ್ ತನಿಖೆ ಈ ದ್ವೇಷದ ನಡುವೆಯೇ ನಡೆಯಿತು ಅನ್ನುವುದನ್ನು ಮರೆತರೆ ಪ್ರಕರಣ ಅರ್ಥವಾಗುವುದಿಲ್ಲ.

ಹಾಗಾದರೆ ಅವರ ವಿರುದ್ಧ ಸಾಕ್ಷ್ಯ ಏನಿತ್ತು?

ಇದು ನಿಧಾನವಾಗಿ ನೋಡಬೇಕಾದ ಭಾಗ. ಮುಖ್ಯವಾಗಿ ನಾಲ್ಕು ವಿಷಯ.

ತೋಟದಲ್ಲಿ ಸಿಕ್ಕ ಹೆಜ್ಜೆ ಗುರುತುಗಳು ಇವರ ಪಾದರಕ್ಷೆಗೆ ಹೊಂದುತ್ತವೆ ಅಂದರು. ಮನೆಯಲ್ಲಿ ಸಿಕ್ಕ ಒಂದು ಉಳಿ, ಮರ್ಫಿ ವಾಸವಿದ್ದ ಮನೆಗೆ ಸೇರಿದ್ದು ಅಂದರು. ಕಿಟಕಿ ಕೆಳಗೆ ಗುಂಡಿ ಸಮೇತ ಒಂದು ಬಟ್ಟೆಯ ತುಣುಕು ಸಿಕ್ಕಿತು, ಅದು ಬ್ರಾನಗನ್‌ನ ಪ್ಯಾಂಟಿನಲ್ಲಿ ಹರಿದುಹೋದ ಜಾಗಕ್ಕೆ ಸರಿಯಾಗಿ ಕೂರುತ್ತದೆ ಅಂದರು. ನಾಲ್ಕನೆಯದು ಎಲ್ಲಕ್ಕಿಂತ ಬಲವಾಗಿ ಕಂಡದ್ದು: ಪಾದ್ರಿ ಮನೆಯಲ್ಲಿ ಬಿದ್ದಿದ್ದ ಹರಿದ ನ್ಯೂಸ್‌ಪೇಪರಿಗೆ ಸೇರಿದ ಚೂರೊಂದು ಮರ್ಫಿಯದು ಎನ್ನಲಾದ ಕೋಟಿನ ಒಳಪದರದಲ್ಲಿ ಸಿಕ್ಕಿತು. ಎರಡು ಚೂರು ಪಕ್ಕಪಕ್ಕ ಇಟ್ಟರೆ ಅಂಚು ಅಂಚಿಗೆ ಕೂಡುತ್ತದೆ. ಜ್ಯೂರಿಯಲ್ಲಿ ಕೂತ ಯಾರಿಗೇ ಆದರೂ ಇದು ನಂಬಲೇಬೇಕಾದ ಮಾತು ಅನ್ನಿಸುತ್ತದೆ, ಅಲ್ವಾ?

ಈಗ ಅದೇ ಪಟ್ಟಿಯನ್ನು ಇನ್ನೊಂದು ಸಲ ಓದಿ, ಯಾವುದು ಯಾವಾಗ ಯಾರ ಕೈಯಲ್ಲಿತ್ತು ಅಂತ ಕೇಳಿಕೊಳ್ಳುತ್ತಾ. ಇವರ ಬಟ್ಟೆ ಪೊಲೀಸರ ವಶಕ್ಕೆ ಹೋಗಿತ್ತು. ಕಾಗದದ ಚೂರು ಕೋಟಿನಲ್ಲಿ ಸಿಕ್ಕಿದ್ದು ಕೋಟು ಪೊಲೀಸರ ಹತ್ತಿರ ಹೋದ ಮೇಲೆ. ಬಟ್ಟೆಯ ತುಣುಕು ಕಿಟಕಿ ಕೆಳಗೆ ಕಂಡದ್ದೂ ಬಂಧನದ ನಂತರವೇ. ಹೆಜ್ಜೆ ಹೋಲಿಸಿ ನೋಡಿದ್ದೂ ಪಾದರಕ್ಷೆಗಳು ಕೈಗೆ ಬಂದ ಮೇಲೆ. ಕಳ್ಳತನ ನಡೆದ ಜಾಗ, ಅಲ್ಲಿ ಸಿಕ್ಕ ವಸ್ತು, ಆರೋಪಿಗಳ ಬಟ್ಟೆ, ಮೂರೂ ಒಂದೇ ಗುಂಪಿನ ಕೈಯಲ್ಲಿದ್ದವು. ಸೀಲು ಇಲ್ಲ, ಪ್ರತ್ಯೇಕ ದಾಖಲೆ ಇಲ್ಲ, ಬೇರೆಯವರ ಕಣ್ಣಿಲ್ಲ.

ಬೇಟೆಗಾರನ ಬಟ್ಟೆ ಮುಳ್ಳುಬೇಲಿ ದಾಟಿ ದಾಟಿ ಹರಿದಿರುವುದೇ ಸಹಜ. ಹರಿದ ಪ್ಯಾಂಟು ಇದೆ ಅಂದಮೇಲೆ ಅದಕ್ಕೆ ಹೊಂದುವ ತುಣುಕು ಎಲ್ಲಿ ಸಿಕ್ಕಿತು ಅನ್ನುವುದು ಹುಡುಕಿದವನ ಮಾತಿನ ಮೇಲೆಯೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇಲ್ಲೇ ಇದೆ. ಅಂಚುಗಳು ಕೂಡುತ್ತವೆ ಅನ್ನುವುದು ಅಷ್ಟೇ ಸಾಲದು, ಎರಡೂ ತುಣುಕು ಅಲ್ಲಿಗೆ ಹೇಗೆ ಬಂದವು ಅಂತ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ರಕ್ತದ ಕಲೆಯಿಂದ ಏನೂ ಗೊತ್ತಾಗಲಿಲ್ವಾ?

ಆ ಕಾಲಕ್ಕೆ ರಕ್ತದ ಪರೀಕ್ಷೆ ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಅಭಿಪ್ರಾಯ ಹೇಳುವುದು, ಅಷ್ಟೇ. ಇದು ಮನುಷ್ಯನ ರಕ್ತವೋ ಪ್ರಾಣಿಯದೋ ಅಂತ ಖಚಿತವಾಗಿ ಹೇಳುವ ವಿಧಾನ ಬಂದದ್ದು 1901ರಲ್ಲಿ, ಜರ್ಮನಿಯಲ್ಲಿ. ಮೊಲ ಹಿಡಿದು ಬಂದವನ ಅಂಗಿ ಮೇಲಿನ ಕಲೆ ಯಾರದು ಅಂತ 1879ರಲ್ಲಿ ಯಾರೂ ಸಾಧಿಸಿ ತೋರಿಸುವ ಹಾಗಿರಲಿಲ್ಲ.

ಬೆರಳಚ್ಚು?

ಇನ್ನೂ ಇರಲಿಲ್ಲ. ಇಲ್ಲಿ ನಮ್ಮ ದೇಶದ ಮಾತು ಬರುತ್ತದೆ. ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ 1858ರಿಂದಲೇ ಕರಾರು ಪತ್ರಗಳ ಮೇಲೆ ಕೈ ಅಚ್ಚು ಹಾಕಿಸುತ್ತಿದ್ದ. ಆಮೇಲೆ ಬಂಗಾಳ ಪೊಲೀಸಿನಲ್ಲಿ ಎಡ್ವರ್ಡ್ ಹೆನ್ರಿ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಸೇರಿ ಅಚ್ಚುಗಳನ್ನು ವಿಂಗಡಿಸಿ ಹುಡುಕುವ ಪದ್ಧತಿ ರೂಪಿಸಿದರು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ವಿಭಾಗ ಶುರುವಾಯಿತು. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್ ಶುರು ಮಾಡಿದ್ದು 1901ರಲ್ಲಿ. ಮರುವರ್ಷ ಬೆರಳಚ್ಚಿನ ಮೇಲೆ ಇಂಗ್ಲೆಂಡಿನಲ್ಲಿ ಮೊದಲ ಶಿಕ್ಷೆಯಾಯಿತು, ಅದೂ ಒಂದು ಮನೆಗಳ್ಳತನಕ್ಕೇ. ಹೊಸದಾಗಿ ಬಳಿದ ಕಿಟಕಿ ಅಂಚಿನ ಬಣ್ಣದ ಮೇಲೆ ಕಳ್ಳನ ಹೆಬ್ಬೆಟ್ಟು ಮೂಡಿತ್ತು. ಕದ್ದದ್ದು ಬಿಲಿಯರ್ಡ್ಸ್ ಚೆಂಡುಗಳು.

ಎಡ್ಲಿಂಗ್‌ಹ್ಯಾಮ್‌ನಲ್ಲೂ ಕಿಟಕಿ ಇತ್ತು, ಉಳಿ ಇತ್ತು. ಅದನ್ನು ಓದುವ ವಿದ್ಯೆ ಬರಲು ಇನ್ನೂ 20 ವರ್ಷ ಬೇಕಿತ್ತು.

ಪತ್ತೇದಾರರು ಯಾರೂ ಬರಲಿಲ್ವಾ?

ಹಳ್ಳಿ ಪೊಲೀಸ್ ವ್ಯವಸ್ಥೆಯೇ ಆಗ ಹೊಸದು. 1856ರ ಕಾಯಿದೆ ಬಂದ ಮೇಲಷ್ಟೇ ಪ್ರತಿ ಕೌಂಟಿಯೂ ಸಂಬಳದ ಪೊಲೀಸ್ ಪಡೆ ಇಟ್ಟುಕೊಳ್ಳಲೇಬೇಕು ಅಂತಾಯಿತು. ಅದಕ್ಕೂ ಮೊದಲು ಎಷ್ಟೋ ಕಡೆ ಊರಿನವನೇ ಒಬ್ಬ ಕಾನ್‌ಸ್ಟೇಬಲ್ ಆಗಿ ಬಿಡುವಿದ್ದಾಗ ಕೆಲಸ ಮಾಡುತ್ತಿದ್ದ. ಹೊಸ ಪಡೆಯಲ್ಲೂ ಒಬ್ಬ ಕಾನ್‌ಸ್ಟೇಬಲ್ ಕಾಲ್ನಡಿಗೆಯಲ್ಲಿ ಹಲವು ಹಳ್ಳಿ ಸುತ್ತಬೇಕು, ಕೈಯಲ್ಲಿ ಲಾಂದ್ರ, ಸೊಂಟದಲ್ಲಿ ದೊಣ್ಣೆ. ಅಪರಾಧ ತನಿಖೆಗೆ ತರಬೇತಿ ಅನ್ನುವುದು ಇರಲೇ ಇಲ್ಲ. ಲಂಡನ್ನಿನಲ್ಲಿ ಪತ್ತೇದಾರಿ ವಿಭಾಗ 1842ರಲ್ಲೇ ಶುರುವಾಗಿ, 1878ರಲ್ಲಿ ಸಿಐಡಿ ಆಗಿ ಬದಲಾಗಿತ್ತು. ಆದರೆ ಕೌಂಟಿಯವರು ಕೇಳದೆ ಅವರು ಹಳ್ಳಿಗೆ ಬರುತ್ತಿರಲಿಲ್ಲ. ಇಲ್ಲಿ ತನಿಖೆ ನಡೆಸಿದ್ದು ಸ್ಥಳೀಯ ಪೊಲೀಸರೇ.

ಸರ್ಕಾರಿ ವಕೀಲರು ಸಾಕ್ಷ್ಯ ಜರಡಿ ಹಿಡಿಯಲಿಲ್ವಾ?

ಇವತ್ತಿನ ಅರ್ಥದಲ್ಲಿ ಅಂಥ ಕಚೇರಿಯೇ ಇರಲಿಲ್ಲ. ಹೆಚ್ಚಿನ ಪ್ರಕರಣಗಳಲ್ಲಿ ನೊಂದವರೋ ಪೊಲೀಸರೋ ತಾವೇ ಮೊಕದ್ದಮೆ ನಡೆಸಬೇಕು. ಸರ್ಕಾರದ ಪರವಾಗಿ ಮೊಕದ್ದಮೆ ನೋಡಿಕೊಳ್ಳುವ ಒಬ್ಬ ನಿರ್ದೇಶಕ ಬೇಕು ಅಂತ ಪಾರ್ಲಿಮೆಂಟು ಕಾಯಿದೆ ಮಾಡಿದ್ದು ಇದೇ 1879ರಲ್ಲಿ, ಅದೂ ಈ ವಿಚಾರಣೆ ಮುಗಿದ ಮೇಲೆ. ಹೀಗಾಗಿ ಹಿಡಿದವರೇ ಹುಡುಕಿದರು, ಹುಡುಕಿದವರೇ ಕೋರ್ಟಿಗೆ ತಂದರು.

ಕೋರ್ಟಿನಲ್ಲಿ ಬ್ರಾನಗನ್, ಮರ್ಫಿ ತಮ್ಮ ಕಥೆ ಹೇಳಬಹುದಿತ್ತಲ್ಲ?

ಪ್ರಮಾಣ ಮಾಡಿ ಸಾಕ್ಷಿ ಹೇಳುವ ಹಾಗಿರಲಿಲ್ಲ. ಕೇಳಿದವರಿಗೆ ಇದು ನಂಬಲು ಕಷ್ಟ, ಆದರೆ ಆಗಿನ ಇಂಗ್ಲಿಷ್ ಕಾನೂನು ಹಾಗೇ ಇತ್ತು. ತನ್ನ ತಲೆ ಉಳಿಸಿಕೊಳ್ಳಲು ಆರೋಪಿ ಸುಳ್ಳೇ ಹೇಳುತ್ತಾನೆ, ಆದ್ದರಿಂದ ಅವನ ಪ್ರಮಾಣಕ್ಕೆ ಬೆಲೆಯಿಲ್ಲ ಅನ್ನುವ ಹಳೇ ನಂಬಿಕೆ. ಹೆಂಡತಿಯೂ ಗಂಡನ ಪರ ಸಾಕ್ಷಿ ಹೇಳುವ ಹಾಗಿರಲಿಲ್ಲ. ಈ ತಡೆ ತೆಗೆದದ್ದು 1898ರ ಕಾಯಿದೆ, ಅಂದರೆ ಇವರಿಗೆ ಶಿಕ್ಷೆಯಾಗಿ 19 ವರ್ಷದ ಮೇಲೆ. ವಕೀಲರನ್ನು ಇಟ್ಟುಕೊಳ್ಳಲು 1836ರಿಂದ ಪೂರ್ತಿ ಅವಕಾಶ ಇತ್ತು ನಿಜ, ದುಡ್ಡು ಇದ್ದರೆ. ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಕಾಯಿದೆ 1903ರದು.

ಪೊಲೀಸರು ಪ್ರಮಾಣ ಮಾಡಿ ಹೇಳಿದ ಮಾತು ಒಂದು ಕಡೆ. ಪ್ರಮಾಣ ಮಾಡಲೇ ಬಿಡದ ಇಬ್ಬರು ಇನ್ನೊಂದು ಕಡೆ. ತಕ್ಕಡಿ ಮೊದಲೇ ವಾಲಿತ್ತು.

ನ್ಯಾಯಾಧೀಶರ ಬಗ್ಗೆ ಏನೋ ವಿಶೇಷ ಇದೆಯಂತಲ್ಲ?

ಇದೆ. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಹೆನ್ರಿ ಮ್ಯಾನಿಸ್ಟಿ ಅವರ ತಂದೆ ಹಿಂದೆ ಇದೇ ಎಡ್ಲಿಂಗ್‌ಹ್ಯಾಮ್‌ನ ಪಾದ್ರಿಯಾಗಿದ್ದವರು. ಗುಂಡೇಟು ತಿಂದ ಮ್ಯಾಥ್ಯೂ ಬಕಲ್ ಯಾವ ಹುದ್ದೆಯಲ್ಲಿದ್ದರೋ ಅದೇ ಹುದ್ದೆಯಲ್ಲಿ ಇದ್ದವರ ಮಗ ನ್ಯಾಯಪೀಠದಲ್ಲಿ ಕೂತಿದ್ದರು. ಮ್ಯಾನಿಸ್ಟಿ ಬೇಕಂತಲೇ ಅನ್ಯಾಯ ಮಾಡಿದರು ಅಂತ ನಾನು ಹೇಳುತ್ತಿಲ್ಲ, ತಪ್ಪಿತಸ್ಥರು ಅಂತ ತೀರ್ಮಾನಿಸಿದ್ದು 12 ಜನರ ಜ್ಯೂರಿ. ಆದರೆ ಇವತ್ತು ಹೀಗಿದ್ದರೆ ಮೊದಲ ದಿನವೇ ಬೇರೆ ನ್ಯಾಯಾಧೀಶರು ಬೇಕು ಅಂತ ಅರ್ಜಿ ಬೀಳುತ್ತಿತ್ತು.

ಯಾರೂ ಸಾಯಲಿಲ್ಲ. ಆದರೂ ಜೀವಾವಧಿ ಯಾಕೆ?

1861ರ ಕಳವು ಕಾಯಿದೆ ಪ್ರಕಾರ ರಾತ್ರಿ ಹೊತ್ತು ವಾಸದ ಮನೆ ಒಡೆದು ನುಗ್ಗಿದರೆ ಗರಿಷ್ಠ ಶಿಕ್ಷೆ ಜೀವಾವಧಿ. ರಾತ್ರಿ ಅಂದರೆ ಎಷ್ಟು ಹೊತ್ತು ಅಂತಲೂ ಕಾಯಿದೆಯೇ ಹೇಳಿತ್ತು: ರಾತ್ರಿ 9ರಿಂದ ಬೆಳಿಗ್ಗೆ 6. ಅದೇ ಕೆಲಸ ಸಂಜೆ 8ಕ್ಕೆ ಮಾಡಿದರೆ ಬೇರೆ ಅಪರಾಧ, ಗರಿಷ್ಠ 14 ವರ್ಷ. ಇಲ್ಲಿ ಗುಂಡು ಹಾರಿಸಿದ್ದೂ ಸೇರಿತ್ತು. ಒಂದು ತಲೆಮಾರು ಹಿಂದೆ ಆಗಿದ್ದರೆ ಗಲ್ಲೇ ಗತಿ. ಮನೆಗಳ್ಳತನಕ್ಕೆ ಗಲ್ಲು 1837ರಲ್ಲಿ ತೆಗೆದರು, ಹಿಂಸೆ ಸೇರಿದ ಮನೆಗಳ್ಳತನಕ್ಕೆ 1861ರವರೆಗೂ ಉಳಿದಿತ್ತು.

ಹಾಗೆ ನೋಡಿದರೆ ಕಾನೂನು ಸ್ವಲ್ಪ ಮೃದುವಾಗಿದ್ದೇ ಇವರ ಜೀವ ಉಳಿಸಿತು. ಗಲ್ಲಿಗೇರಿಸಿದ ಮೇಲೆ ಒಂಬತ್ತು ವರ್ಷ ಬಿಟ್ಟು ಸತ್ಯ ಗೊತ್ತಾಗಿ ಏನು ಉಪಯೋಗ?

ಕಠಿಣ ಸಜೆ ಅಂದರೆ ಹೇಗಿರುತ್ತಿತ್ತು?

ಮೊದಲ ಒಂಬತ್ತು ತಿಂಗಳು ಒಂಟಿ ಕೋಣೆ. ಆಮೇಲೆ ಕಲ್ಲುಗಣಿ, ಬಂದರು ಕಟ್ಟುವ ಕೆಲಸ, ಜೌಗು ನೆಲ ಅಗೆಯುವುದು. ಮಾತಾಡುವಂತಿಲ್ಲ, ಪತ್ರ ಬರೆಯಲು ತಿಂಗಳುಗಟ್ಟಲೆ ಕಾಯಬೇಕು. ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಸಾಗಿಸುವುದು 1868ರಲ್ಲಿ ಪೂರ್ತಿ ನಿಂತಿತ್ತು, ಅದರ ಬದಲಿಗೆ ಬಂದ ಶಿಕ್ಷೆ ಇದು.

ಅಪೀಲು ಹಾಕಲಿಲ್ವಾ?

ಅಪೀಲು ಕೇಳುವ ಕೋರ್ಟೇ ಇರಲಿಲ್ಲ! ಕಾನೂನಿನ ಒಂದು ಅಂಶದ ಬಗ್ಗೆ ನ್ಯಾಯಾಧೀಶರಿಗೇ ಸಂಶಯ ಬಂದರೆ ಮೇಲಿನವರನ್ನು ಕೇಳಬಹುದಿತ್ತು, ಅದೂ ಅವರು ಮನಸ್ಸು ಮಾಡಿದರೆ. ಜ್ಯೂರಿ ತಪ್ಪು ಮಾಡಿದೆ, ಇವರು ನಿರಪರಾಧಿಗಳು ಅಂತ ಹೇಳಲು ಎಲ್ಲೂ ಜಾಗವಿಲ್ಲ. ಉಳಿದ ಒಂದೇ ದಾರಿ ಲಂಡನ್ನಿನಲ್ಲಿ ಕೂತ ಗೃಹಮಂತ್ರಿಗೆ ಅರ್ಜಿ ಹಾಕಿ, ರಾಣಿಯ ಕ್ಷಮಾದಾನ ಕೇಳುವುದು. ಅರ್ಜಿ ಓದುವವರು ಅಧಿಕಾರಿಗಳು, ಬಾಗಿಲು ಮುಚ್ಚಿಕೊಂಡು. ಕಾರಣ ಹೇಳಬೇಕಾಗಿಯೂ ಇಲ್ಲ. ಮಾಡದ ತಪ್ಪಿಗೆ ಕ್ಷಮೆ ಕೇಳುವುದೇ ಏಕೈಕ ದಾರಿಯಾಗಿತ್ತು ಅನ್ನುವುದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ.

ಮತ್ತೆ ಸತ್ಯ ಹೇಗೆ ಹೊರಗೆ ಬಂತು?

ಇಬ್ಬರ ಹಟದಿಂದ. ಒಬ್ಬರು ಆನಿಕ್‌ನ ವಕೀಲ ಚಾರ್ಲ್ಸ್ ಪರ್ಸಿ. ಇನ್ನೊಬ್ಬರು ಅದೇ ಊರಿನ ಸೇಂಟ್ ಪಾಲ್ಸ್ ಚರ್ಚಿನ ಪಾದ್ರಿ ಜೆವನ್ ಪೆರಿ. ಸಣ್ಣ ಊರುಗಳಲ್ಲಿ ಗುಟ್ಟು ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ, ಗುಸುಗುಸು ಇದ್ದೇ ಇರುತ್ತದೆ. ಆದರೆ ಗುಸುಗುಸು ಸಾಕ್ಷ್ಯ ಆಗುವುದಿಲ್ಲ. ಈ ಇಬ್ಬರು ಅದನ್ನು ಹಿಡಿದು ಎಡ್ಜೆಲ್‌ವರೆಗೆ ಹೋದರು, ಅವನು ಬಾಯಿ ಬಿಟ್ಟ. ಅವನ ಜೊತೆಗಾರ ರಿಚರ್ಡ್‌ಸನ್ ಹೆಸರೂ ಹೊರಬಂತು.

ಹಲ್ಲೆಗೆ ಒಳಗಾದದ್ದು ಒಬ್ಬ ಪಾದ್ರಿ, ಅದಕ್ಕೆ ಶಿಕ್ಷೆ ಅನುಭವಿಸುತ್ತಿದ್ದವರು ಇಬ್ಬರು ಕದ್ದು ಬೇಟೆಯವರು, ಅವರ ಪರ ನಿಂತದ್ದು ಇನ್ನೊಬ್ಬ ಪಾದ್ರಿ. ಪೆರಿ ಸುಮ್ನೆ ಇದ್ದಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ. ತಮ್ಮದೇ ವರ್ಗದವರ, ತಮ್ಮದೇ ಊರಿನ ಪೊಲೀಸರ ಎದುರು ನಿಂತು ಇದು ತಪ್ಪು ಅಂತ ಹೇಳುವುದು ಆ ಕಾಲದ ಪಟ್ಟಣದಲ್ಲಿ ಸುಲಭದ ಮಾತಾಗಿರಲಿಲ್ಲ.

ಆಗ ಗೃಹಮಂತ್ರಿಯಾಗಿದ್ದವರು ಹೆನ್ರಿ ಮ್ಯಾಥ್ಯೂಸ್. ಅದೇ 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಹೆಂಗಸರ ಕೊಲೆಗಳು ನಡೆದು, ಪೊಲೀಸರ ಮೇಲೂ ಅವರ ಮೇಲೂ ಪತ್ರಿಕೆಗಳು ಮುಗಿಬಿದ್ದಿದ್ದವು. ಆ ಗಲಾಟೆಯ ನಡುವೆಯೇ ನವೆಂಬರ್‌ನಲ್ಲಿ ಬ್ರಾನಗನ್, ಮರ್ಫಿ ಹೊರಗೆ ಬಂದರು.

ನಿಜವಾದ ಕಳ್ಳರಿಗೆ ಎಷ್ಟು ಶಿಕ್ಷೆಯಾಯಿತು?

ಐದು ವರ್ಷ. ಅದೇ ಅಪರಾಧಕ್ಕೆ ಮಾಡದವರಿಗೆ ಜೀವಾವಧಿ, ಮಾಡಿದವರಿಗೆ ಐದು ವರ್ಷ. ಎಡ್ಜೆಲ್ ಮತ್ತು ರಿಚರ್ಡ್‌ಸನ್ ತಾವೇ ತಪ್ಪೊಪ್ಪಿಕೊಂಡಿದ್ದರು, ಆ ಒಪ್ಪಿಗೆ ಇಲ್ಲದಿದ್ದರೆ ಇನ್ನಿಬ್ಬರು ಹೊರಗೆ ಬರುತ್ತಲೇ ಇರಲಿಲ್ಲ, ಹಾಗಾಗಿ ಸ್ವಲ್ಪ ಕರುಣೆ ತೋರಿಸಿದ್ದು ಸರಿಯೇ ಅನ್ನಿಸುತ್ತದೆ. ಆದರೆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಪರಿಹಾರ ಕೊಟ್ಟರಾ?

ತಲಾ 800 ಪೌಂಡ್. ಆಗ ಹಳ್ಳಿ ಕೂಲಿಯವನಿಗೆ ವಾರಕ್ಕೆ ಒಂದು ಪೌಂಡ್ ಸಿಕ್ಕರೆ ಅದೇ ಹೆಚ್ಚು. ಆ ಲೆಕ್ಕದಲ್ಲಿ ಇದು 15 ವರ್ಷದ ಕೂಲಿಗಿಂತ ಜಾಸ್ತಿ, ದೊಡ್ಡ ಮೊತ್ತವೇ. ಕಾನೂನಿನ ಪ್ರಕಾರ ಕೊಡಲೇಬೇಕು ಅಂತೇನೂ ಇರಲಿಲ್ಲ, ಸರ್ಕಾರ ತಾನಾಗಿ ಕೊಟ್ಟದ್ದು.

ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಪೊಲೀಸರಿಗೆ?

1889ರಲ್ಲಿ ಕೆಲವು ಪೊಲೀಸರ ಮೇಲೆ ಮೊಕದ್ದಮೆ ನಡೆಯಿತು. ಸಾಕ್ಷ್ಯ ಕಟ್ಟಲು ಒಳಸಂಚು ಮಾಡಿದರು ಅನ್ನುವ ಆರೋಪ. ಜ್ಯೂರಿ ಅವರನ್ನು ಖುಲಾಸೆ ಮಾಡಿತು. ತನಿಖೆಯ ಮುಂದಾಳಾಗಿದ್ದ ಸೂಪರಿಂಟೆಂಡೆಂಟ್ ಅಷ್ಟರಲ್ಲಿ ತೀರಿಹೋಗಿದ್ದರು. ಹತ್ತು ವರ್ಷದ ಹಿಂದೆ ಯಾರು ಯಾವ ತುಣುಕನ್ನು ಎಲ್ಲಿ ಇಟ್ಟರು ಅಂತ ಒಬ್ಬೊಬ್ಬರ ಮೇಲೆ ಸಾಧಿಸುವುದು ಕಷ್ಟ.

ಖುಲಾಸೆ ಆದವರನ್ನು ಅಪರಾಧಿಗಳು ಅಂತ ನಾನು ಕರೆಯುವುದಿಲ್ಲ. ಆದರೆ ಪ್ರಶ್ನೆ ಹಾಗೇ ನಿಂತಿದೆ: ಬ್ರಾನಗನ್ ಮತ್ತು ಮರ್ಫಿ ಆ ಮನೆಗೆ ಹೋಗಿಯೇ ಇರಲಿಲ್ಲ ಅಂದಮೇಲೆ ಪಾದ್ರಿ ಮನೆಯ ಕಾಗದ ಕೋಟಿನೊಳಗೆ ತಾನಾಗಿ ಹೊಕ್ಕಿತಾ? ಪ್ಯಾಂಟಿನ ತುಣುಕು ಆ ಕಿಟಕಿಯವರೆಗೆ ತಾನಾಗಿ ಹೋಯಿತಾ?

ಪೊಲೀಸರು ದುಷ್ಟರಾಗಿದ್ದರು, ಅಷ್ಟೇ ಅಲ್ವಾ?

ಅಷ್ಟೇ ಅಂದರೆ ಸುಲಭವಾಗಿಬಿಡುತ್ತದೆ. ಬಹುಶಃ ಇವರೇ ಕಳ್ಳರು ಅಂತ ಅವರು ಮನಸಾರೆ ನಂಬಿದ್ದರು. ಮುದುಕ ಪಾದ್ರಿಗೆ, ಹೆಣ್ಣುಮಗಳಿಗೆ ಗುಂಡು ಹೊಡೆದಿದ್ದಾರೆ, ಇಡೀ ಜಿಲ್ಲೆ ಕುದಿಯುತ್ತಿದೆ, ಮೊದಲಿನಿಂದಲೂ ತಲೆನೋವಾಗಿದ್ದ ಇಬ್ಬರು ಆ ರಾತ್ರಿ ಹೊರಗಿದ್ದರು. ಹೀಗೆ ನಂಬಿದವನಿಗೆ ಸಾಕ್ಷ್ಯವನ್ನು ಸ್ವಲ್ಪ ಗಟ್ಟಿ ಮಾಡುವುದು ಪಾಪ ಅನ್ನಿಸುವುದೇ ಇಲ್ಲ, ಕರ್ತವ್ಯ ಅನ್ನಿಸುತ್ತದೆ. ನನಗೆ ಲಂಚಕೋರ ಪೊಲೀಸರಿಗಿಂತ ಇಂಥವರ ಭಯವೇ ಜಾಸ್ತಿ.

ಅಪರೂಪದ ಒಂದು ಪ್ರಕರಣಕ್ಕೆ ಇಷ್ಟು ಮಹತ್ವ ಯಾಕೆ?

ಅಪರೂಪ ಅನ್ನುವ ಹಾಗಿಲ್ಲ. ಅದೇ 1879ರ ಫೆಬ್ರವರಿ 25ರಂದು, ಎಡ್ಲಿಂಗ್‌ಹ್ಯಾಮ್ ಕಳ್ಳತನವಾಗಿ ಮೂರು ವಾರದೊಳಗೆ, ಚಾರ್ಲ್ಸ್ ಪೀಸ್ ಎಂಬ ಕುಖ್ಯಾತ ಮನೆಗಳ್ಳನನ್ನು ಲೀಡ್ಸ್‌ನಲ್ಲಿ ಗಲ್ಲಿಗೇರಿಸಿದರು. ಸಾಯುವ ಮುಂಚೆ ಅವನು, 1876ರಲ್ಲಿ ಮ್ಯಾಂಚೆಸ್ಟರ್ ಹತ್ತಿರ ಕಾನ್‌ಸ್ಟೇಬಲ್ ನಿಕೊಲಸ್ ಕಾಕ್‌ನನ್ನು ಕೊಂದದ್ದು ನಾನೇ ಅಂತ ಹೇಳಿದ. ಆ ಕೊಲೆಗೆ ವಿಲಿಯಂ ಹೆಬ್ರನ್ ಎಂಬ ಐರಿಷ್ ಹುಡುಗನಿಗೆ ಆಗಲೇ ಮರಣದಂಡನೆಯಾಗಿ, ಚಿಕ್ಕ ವಯಸ್ಸು ಅಂತ ಜೀವಾವಧಿಗೆ ಇಳಿದಿತ್ತು. ಅವನ ವಿರುದ್ಧದ ಸಾಕ್ಷ್ಯದಲ್ಲೂ ಒಂದು ಬೂಟಿನ ಗುರುತು ಇತ್ತು. ಹೆಬ್ರನ್ ಬಿಡುಗಡೆಯಾದ. ಅಂದರೆ ನ್ಯೂಕ್ಯಾಸಲ್‌ನಲ್ಲಿ ಜ್ಯೂರಿ ಕೂರುವ ಹೊತ್ತಿಗೆ, ಹೆಜ್ಜೆ ಗುರುತು ನಂಬಿ ನಿರಪರಾಧಿಯನ್ನು ಜೈಲಿಗೆ ಹಾಕಿದ ಸುದ್ದಿ ಪೇಪರಿನಲ್ಲಿ ಇನ್ನೂ ಬಿಸಿಯಾಗಿತ್ತು. ಆದರೂ ಯಾರೂ ತಡೆದು ಯೋಚಿಸಲಿಲ್ಲ.

ಇದರಿಂದ ಕಾನೂನು ಬದಲಾಯಿತಾ?

ಕೂಡಲೇ ಇಲ್ಲ. ಅಪೀಲು ಕೋರ್ಟು ಬೇಕು ಅನ್ನುವವರಿಗೆ ಇದು ಒಂದು ಬಲವಾದ ಉದಾಹರಣೆ ಆಯಿತು, ಅಷ್ಟೇ. ಆಮೇಲೆ ಅಡಾಲ್ಫ್ ಬೆಕ್ ಎಂಬವನನ್ನು ಬೇರೊಬ್ಬ ವಂಚಕ ಅಂತ ತಪ್ಪು ತಿಳಿದು ಎರಡು ಸಲ ಅಪರಾಧಿ ಅಂದರು. 1903ರಲ್ಲಿ ಸ್ಟಾಫರ್ಡ್‌ಶೈರ್‌ನ ಗ್ರೇಟ್ ವರ್ಲಿ ಹಳ್ಳಿಯಲ್ಲಿ ಜಾರ್ಜ್ ಎಡಲ್ಜಿ ಎಂಬ ಯುವ ವಕೀಲನಿಗೆ, ಕುದುರೆಯ ಹೊಟ್ಟೆ ಸೀಳಿದ ಅಂತ ಏಳು ವರ್ಷ ಶಿಕ್ಷೆ ಕೊಟ್ಟರು. ಅವನ ತಂದೆ ಶಾಪುರ್ಜಿ ಬೊಂಬಾಯಿ ಮೂಲದ ಪಾರ್ಸಿ, ಕ್ರೈಸ್ತರಾಗಿ ಆ ಹಳ್ಳಿಯ ಪಾದ್ರಿಯಾಗಿದ್ದವರು. ಅಲ್ಲೂ ಪಾದ್ರಿ ಮನೆ, ಅಲ್ಲೂ ಪೊಲೀಸರ ವಶದಲ್ಲಿದ್ದ ಒಂದು ಕೋಟು. ಇವೆಲ್ಲ ಸೇರಿ ಒತ್ತಡ ಹೆಚ್ಚಾಗಿ 1907ರಲ್ಲಿ ಕ್ರಿಮಿನಲ್ ಅಪೀಲು ಕೋರ್ಟಿನ ಕಾಯಿದೆ ಬಂತು.

ನಮ್ಮ ದೇಶದಲ್ಲಿ ಆಗ ಹೇಗಿತ್ತು?

ಕೆಲವು ವಿಷಯದಲ್ಲಿ ಬ್ರಿಟಿಷರು ತಮ್ಮ ದೇಶಕ್ಕಿಂತ ಮೊದಲೇ ಇಲ್ಲಿ ಮುಂದೆ ಹೋಗಿದ್ದರು. ಕ್ರಿಮಿನಲ್ ಅಪೀಲು ಇಲ್ಲಿ ಆಗಲೇ ಇತ್ತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಅಂತ 1872ರ ಭಾರತೀಯ ಸಾಕ್ಷ್ಯ ಕಾಯಿದೆಯ 25ನೇ ಕಲಮು ಹೇಳಿತು. ರಾತ್ರಿ ಮನೆ ಒಡೆಯುವುದು ಅಂದಾಗ ಭಾರತೀಯ ದಂಡ ಸಂಹಿತೆ ಗಡಿಯಾರದ ಗಂಟೆ ಇಡಲಿಲ್ಲ, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಅಂದಿತು. ಆದರೆ ಆರೋಪಿ ಪ್ರಮಾಣ ಮಾಡಿ ತನ್ನ ಪರ ತಾನೇ ಸಾಕ್ಷಿ ಹೇಳುವ ಹಕ್ಕಿನಲ್ಲಿ ನಾವು ಹಿಂದೆ ಬಿದ್ದೆವು. ಇಂಗ್ಲೆಂಡಿನಲ್ಲಿ 1898ಕ್ಕೆ ಬಂದ ಆ ಹಕ್ಕು ಇಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ್ದು 1955ರ ತಿದ್ದುಪಡಿಯಲ್ಲಿ.